ಎದೆಯುರಿ, ಹುಳಿತೇಗು, ಪಿತ್ತ: ಆಂಟಾಸಿಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಮಖಂಡಿಯಲ್ಲಿ ನಮ್ಮದೊಂದು ಔಷಧಿ ಅಂಗಡಿ ಇದೆ. 19 ವರ್ಷದಿಂದ ಕೌಂಟರಿನ ಹಿಂದೆ ನಿಂತಿದ್ದೇನೆ. ರಾತ್ರಿ ಎಂಟೂವರೆ ದಾಟಿತು ಅಂದರೆ ಬರುವವರಲ್ಲಿ ಜಾಸ್ತಿ ಮಂದಿಯದು ಒಂದೇ ಮಾತು: "ಅಣ್ಣಾ, ಎದಿ ಉರಿಯಾಕತ್ತೈತ್ರಿ, ಏನರ ಕೊಡ್ರಿ." ಕೊಡುವುದು ಅರ್ಧ ನಿಮಿಷದ ಕೆಲಸ. ಅದನ್ನು ಹೇಗೆ ತಗೋಬೇಕು, ಯಾವಾಗ ತಗೋಬಾರದು ಅಂತ ಹೇಳಲು ಹತ್ತು ನಿಮಿಷ ಬೇಕು. ಅಂಗಡಿ ಗದ್ದಲದಲ್ಲಿ ಆ ಹತ್ತು ನಿಮಿಷ ಸಿಗುವುದಿಲ್ಲ. ಅದಕ್ಕೇ ಆಂಟಾಸಿಡ್ ಬಗ್ಗೆ, ಅಂದರೆ ಹೊಟ್ಟೆಯ ಹುಳಿ ತಣಿಸುವ ಔಷಧಿಯ ಬಗ್ಗೆ, ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಫಾರ್ಮಸಿಸ್ಟ್, ಡಾಕ್ಟರಲ್ಲ. ಔಷಧಿ ಏನು ಮಾಡುತ್ತದೆ ಅನ್ನುವುದು ನನಗೆ ಗೊತ್ತು. ನಿಮ್ಮ ಹೊಟ್ಟೆಯೊಳಗೆ ಏನಾಗಿದೆ ಅಂತ ನೋಡಿ ಹೇಳಬೇಕಾದವರು ಡಾಕ್ಟರು.

ಎದೆಯುರಿ ಅಂದರೆ ಹೃದಯಕ್ಕೆ ಏನಾದರೂ ಆಗಿರುತ್ತದಾ?

ಎದೆಯುರಿಯೇ ಆಗಿದ್ದರೆ, ಇಲ್ಲ. ಉರಿ ಇರುವುದು ಅನ್ನನಾಳದಲ್ಲಿ. ಅದು ಎದೆಯ ನಡುವೆ, ಹೃದಯದ ಹಿಂದೆಯೇ ಹಾದು ಹೋಗುತ್ತದೆ. ಹಾಗಾಗಿ ಎದೆಯೇ ಉರಿದಂತೆ ಅನಿಸುತ್ತದೆ.

ತಿಂದದ್ದನ್ನು ಅರಗಿಸಲು ಹೊಟ್ಟೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್‌ನಷ್ಟು ರಸ ಸುರಿಸುತ್ತದೆ. ಅದರಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇದೆ. ಹೊಟ್ಟೆಯ ಒಳಮೈಗೆ ಲೋಳೆಯ ದಪ್ಪ ಲೇಪ ಇರುವುದರಿಂದ ಅದು ತಡೆದುಕೊಳ್ಳುತ್ತದೆ. ಅನ್ನನಾಳಕ್ಕೆ ಅಂಥ ಲೇಪ ಇಲ್ಲ. ಎರಡೂ ಕೂಡುವ ಕಡೆ ಸ್ನಾಯುವಿನ ಒಂದು ಬಿಗಿಯಾದ ಬಳೆ ಇದೆ. ನಮ್ಮ ಹಿಪ್ಪರಗಿ ಬ್ಯಾರೇಜಿನ ಗೇಟು ನೋಡಿದ್ದೀರಲ್ವಾ, ಅದರ ಹಾಗೆ. ತುತ್ತು ಬಂದಾಗ ತೆಗೆಯಬೇಕು, ಆಮೇಲೆ ಮುಚ್ಚಬೇಕು. ಗೇಟು ಸಡಿಲಾದರೆ, ಅಥವಾ ಹೊಟ್ಟೆ ತುಂಬಿ ಕೆಳಗಿನಿಂದ ಒತ್ತಡ ಜಾಸ್ತಿಯಾದರೆ, ಹುಳಿ ಮೇಲಕ್ಕೆ ನುಗ್ಗುತ್ತದೆ. ಅದೇ ಎದೆಯುರಿ, ಅದೇ ಗಂಟಲಿಗೆ ಬರುವ ಹುಳಿತೇಗು.

ಗ್ಯಾಸ್ ನೋವೋ, ಹಾರ್ಟ್ ಅಟ್ಯಾಕೋ ಅಂತ ಮನೆಯಲ್ಲೇ ತಿಳಿಯುವುದು ಹೇಗೆ?

ಈ ಪ್ರಶ್ನೆ ಕೇಳುವವರು ಕಡಿಮೆ. ಆದರೂ ಇದನ್ನು ಮೇಲೆಯೇ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದಿನ ಎಳ್ಳಮಾವಾಸ್ಯೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲಾ ಉಂಡು ಬಂದಿದ್ದೆವು. ರಾತ್ರಿ ನಮ್ಮ ಕಾಕಾ ಕಟ್ಟೆಯ ಮೇಲೆ ಕುಳಿತು ಎದೆ ಒತ್ತಿಕೊಂಡು, "ಗ್ಯಾಸ್ ಆಗೇತಿ, ಆ ಬುಸ್ ಅನ್ನೂ ಪುಡಿ ಕೊಡಪಾ" ಅಂದರು. ನಾನೇ ಗ್ಲಾಸಿನಲ್ಲಿ ಹಾಕಿ ಕೊಟ್ಟೆ. ಎರಡು ತೇಗು ಬಂದವು. "ಈಗ ಹಗುರ ಆತು" ಅಂತ ಹೇಳಿ ಮಲಗಿದರು. ಅವರ ಅಂಗಿಯ ಬೆನ್ನು ಒದ್ದೆಯಾಗಿತ್ತು. ಡಿಸೆಂಬರ್ ಚಳಿಯಲ್ಲಿ ಬೆವರು ಯಾಕೆ ಅಂತ ಒಂದು ಸಲ ಮನಸ್ಸಿಗೆ ಬಂತು, ಆದರೆ ಕೇಳಲಿಲ್ಲ. ನಸುಕಿನಲ್ಲಿ ಆಸ್ಪತ್ರೆಗೆ ಒಯ್ದಾಗ ತಡವಾಗಿತ್ತು. ಅವರು ಉಳಿಯಲಿಲ್ಲ.

ಅದಕ್ಕೇ ಹೇಳುತ್ತೇನೆ. ತೇಗು ಬಂದು ಹಗುರಾಯಿತು ಅಂದ ಮಾತ್ರಕ್ಕೆ ಅದು ಗ್ಯಾಸ್ ಅಂತ ಸಾಬೀತಾಗುವುದಿಲ್ಲ. ಉರಿಗಿಂತ ಭಾರ, ಬಿಗಿತ, ಹಿಂಡಿದಂಥ ನೋವು ಇದ್ದರೆ, ಅದು ಎಡಗೈಗೆ, ಭುಜಕ್ಕೆ, ದವಡೆಗೆ, ಬೆನ್ನಿಗೆ ಹೋಗುತ್ತಿದ್ದರೆ, ತಣ್ಣನೆಯ ಬೆವರು, ಏದುಸಿರು, ತಲೆಸುತ್ತು ಇದ್ದರೆ, ನಡೆದಾಗ ಜಾಸ್ತಿಯಾಗಿ ಕುಳಿತಾಗ ಕಡಿಮೆಯಾಗುತ್ತಿದ್ದರೆ ಆಂಟಾಸಿಡ್ ಹುಡುಕಬೇಡಿ. 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ, ಹೆಣ್ಣುಮಕ್ಕಳಿಗೆ ಎಷ್ಟೋ ಸಲ ಎದೆನೋವೇ ಕಾಣುವುದಿಲ್ಲ. ಬರೀ ಹೊಟ್ಟೆ ತೊಳಸಿದಂತೆ, ಸುಸ್ತಾದಂತೆ ಅನಿಸುತ್ತದೆ, ಅಷ್ಟೇ.

ಇಸಿಜಿ ತೆಗೆಯಲು ಐದು ನಿಮಿಷ ಸಾಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಇಸಿಜಿ ನೋಡಿ "ಗ್ಯಾಸೇ" ಅಂತ ಡಾಕ್ಟರು ಹೇಳಿ ಕಳಿಸಿದರೆ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಪಿತ್ತ, ಗ್ಯಾಸ್, ಆಸಿಡಿಟಿ, ಅಜೀರ್ಣ: ಎಲ್ಲಾ ಒಂದೇನಾ?

ನಮ್ಮ ಕಡೆ ಎಲ್ಲದಕ್ಕೂ "ಪಿತ್ತ ಆಗೇತಿ" ಅಂತಾರೆ. ತಲೆನೋವಿಗೂ ಪಿತ್ತ, ವಾಂತಿಗೂ ಪಿತ್ತ. ಔಷಧಿ ಕೊಡುವವರಿಗೆ ಆ ಒಂದು ಶಬ್ದ ಸಾಲದು. ಎಲ್ಲಿ, ಏನು ಆಗುತ್ತಿದೆ ಅಂತ ಹೇಳಿ. ಎದೆಯ ನಡುವೆ ಉರಿದು ಗಂಟಲಿಗೆ ಹುಳಿ ಬಂದರೆ ಅದು ಎದೆಯುರಿ. ಉಂಡ ಮೇಲೆ ಹೊಟ್ಟೆಯ ಮೇಲ್ಭಾಗ ಭಾರವಾಗಿ, ನಾಲ್ಕು ತುತ್ತಿಗೇ ಸಾಕು ಅನಿಸಿದರೆ ಅಜೀರ್ಣ. ಹೊಟ್ಟೆ ಉಬ್ಬಿ ಗುಡುಗುಡು ಅಂದರೆ ಗ್ಯಾಸ್. ಆಂಟಾಸಿಡ್ ಚೆನ್ನಾಗಿ ಕೆಲಸ ಮಾಡುವುದು ಮೊದಲನೆಯದಕ್ಕೆ. ಎರಡನೆಯದಕ್ಕೆ ಅಷ್ಟಕ್ಕಷ್ಟೇ. ಮೂರನೆಯದಕ್ಕೆ ಬೇರೆಯೇ ಔಷಧಿ ಇದೆ, ಮುಂದೆ ಹೇಳುತ್ತೇನೆ.

ಆಂಟಾಸಿಡ್ ಹೊಟ್ಟೆಯೊಳಗೆ ಹೋಗಿ ಏನು ಮಾಡುತ್ತದೆ?

ಅಡುಗೆ ಮನೆಯಲ್ಲೇ ನೋಡಬಹುದು. ಒಂದು ಬಟ್ಟಲಿಗೆ ಅರ್ಧ ನಿಂಬೆಹಣ್ಣು ಹಿಂಡಿ. ಮೇಲೆ ಚಿಟಿಕೆ ಸೋಡಾ ಹಾಕಿ. ನೊರೆ ಉಕ್ಕಿ ಬಂದು, ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತದೆ. ಈಗ ಆ ರಸ ನೆಕ್ಕಿ ನೋಡಿ, ಮೊದಲಿನ ಹುಳಿ ಇರುವುದಿಲ್ಲ. ಹೊಟ್ಟೆಯಲ್ಲಿ ಆಗುವುದೂ ಇದೇ. ಆಂಟಾಸಿಡ್ ಕ್ಷಾರ, ಹೊಟ್ಟೆಯ ರಸ ಆಮ್ಲ. ಎರಡೂ ಕೂಡಿ ಉಪ್ಪು, ನೀರು ಆಗುತ್ತವೆ. ಕೆಲವದರಲ್ಲಿ ಗಾಳಿಯೂ ಹುಟ್ಟುತ್ತದೆ.

ಆಂಟಾಸಿಡ್ ಈಗಾಗಲೇ ಹೊಟ್ಟೆಯಲ್ಲಿರುವ ಆಮ್ಲವನ್ನು ಮಾತ್ರ ತಣಿಸುತ್ತದೆ. ಹೊಸದಾಗಿ ಬರುವ ಆಮ್ಲವನ್ನು ನಿಲ್ಲಿಸುವುದಿಲ್ಲ. ಸಡಿಲಾದ ಗೇಟನ್ನು ರಿಪೇರಿ ಮಾಡುವುದಿಲ್ಲ. ಹುಣ್ಣು ಇದ್ದರೆ ಅದರ ಮೂಲಕ್ಕೆ ಕೈ ಹಾಕುವುದಿಲ್ಲ.

ಬಾಟ್ಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಬೇಕಾ?

ಓದಲೇಬೇಕು. ಡೈಜೀನ್, ಜೆಲುಸಿಲ್ ಅಂತ ಹೆಸರು ಹಿಡಿದು ಕೇಳುತ್ತೀರಿ. ಹೆಸರು ಯಾವುದೇ ಇರಲಿ, ಒಳಗಿನ ಸಾಮಾನು ನಾಲ್ಕೈದೇ.

ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ನಿಧಾನವಾಗಿ ಕೆಲಸ ಮಾಡುತ್ತದೆ, ಸಂಡಾಸು ಗಟ್ಟಿ ಮಾಡುತ್ತದೆ. ಮೆಗ್ನೀಷಿಯಂ ಹೈಡ್ರಾಕ್ಸೈಡ್ ಬೇಗ ಕೆಲಸ ಮಾಡುತ್ತದೆ, ಆದರೆ ಹೊಟ್ಟೆ ಜಾಡಿಸುತ್ತದೆ. ಒಂದರ ತೊಂದರೆ ಇನ್ನೊಂದು ಸರಿದೂಗಿಸಲಿ ಅಂತಲೇ ಎರಡನ್ನೂ ಕೂಡಿಸಿ ಬಾಟ್ಲಿ ತುಂಬುತ್ತಾರೆ. ಆದರೂ ಒಬ್ಬೊಬ್ಬರ ಹೊಟ್ಟೆ ಒಂದೊಂದು ಕಡೆ ವಾಲುತ್ತದೆ. "ಆ ಔಷಧಿ ಕುಡದ್ರ ನಾಕ್ ಸಲ ಹೋಗಬೇಕಾಗ್ತೈತ್ರಿ" ಅಂತ ಯಾರಾದರೂ ಹೇಳಿದರೆ ಬೇರೆ ಮಿಶ್ರಣ ನೋಡುತ್ತೇವೆ. ಕ್ಯಾಲ್ಸಿಯಂ ಕಾರ್ಬೋನೇಟ್ ಗಟ್ಟಿಗ, ಬೇಗ ಉರಿ ಇಳಿಸುತ್ತದೆ. ಜಾಸ್ತಿ ದಿನ ತಿಂದರೆ ಮಲಬದ್ಧತೆ, ರಕ್ತದಲ್ಲಿ ಕ್ಯಾಲ್ಸಿಯಂ ಏರುವುದು ಇವೆಲ್ಲ ಬರಬಹುದು. ಕಿಡ್ನಿಯಲ್ಲಿ ಹರಳಾದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಸಿಮೆಥಿಕೋನ್ ಅಂತ ಇನ್ನೊಂದು ಇರುತ್ತದೆ. ಅದು ಆಂಟಾಸಿಡ್ ಅಲ್ಲ. ಹೊಟ್ಟೆಯಲ್ಲಿನ ಸಣ್ಣ ಸಣ್ಣ ಗುಳ್ಳೆಗಳನ್ನು ಒಡೆದು ಕೂಡಿಸುತ್ತದೆ, ಗಾಳಿ ಸುಲಭವಾಗಿ ಹೊರಗೆ ಹೋಗುತ್ತದೆ. ಉಬ್ಬರಕ್ಕೆ ಅದು. ಆಕ್ಸಿಟಾಕೇನ್ ಇದ್ದರೆ ಬಾಯಿ, ಗಂಟಲು ಸ್ವಲ್ಪ ಮರಗಟ್ಟಿದಂತೆ ಆಗುತ್ತದೆ, ಹೆದರಬೇಡಿ. ಆಲ್ಜಿನೇಟ್ ಇರುವ ಔಷಧಿ ಹೊಟ್ಟೆಯ ರಸದ ಮೇಲೆ ಹಾಲಿನ ಕೆನೆಯ ಹಾಗೆ ಒಂದು ಪದರ ಕಟ್ಟಿ, ಹುಳಿ ಮೇಲೆ ಬರದಂತೆ ತಡೆಯುತ್ತದೆ. ಮಲಗಿದಾಗ ಹುಳಿ ಮೇಲೇರುವವರಿಗೆ ಇದು ಚೆನ್ನಾಗಿ ಹೊಂದುತ್ತದೆ.

ಊಟಕ್ಕೆ ಮೊದಲೋ, ಆಮೇಲೋ?

ಆಮೇಲೆ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅದು ಹೊಟ್ಟೆ ದಾಟಿ ಕೆಳಗೆ ಹೋಗಿಬಿಡುತ್ತದೆ. ಉಂಡು ಒಂದು ಗಂಟೆಯ ಮೇಲೆ ತಗೊಂಡರೆ ಅನ್ನದ ಜೊತೆ ಹೊಟ್ಟೆಯಲ್ಲೇ ನಿಂತು, ಎರಡು ಮೂರು ಗಂಟೆ ಕೆಲಸ ಮಾಡುತ್ತದೆ. ರಾತ್ರಿ ತೊಂದರೆ ಇದ್ದರೆ ಮಲಗುವ ಮೊದಲು ಒಂದು ಸಲ. ದಿನಕ್ಕೆ ಎಷ್ಟು ಅಂತ ಲೇಬಲ್ಲಿನ ಮೇಲೆ ಬರೆದಿರುತ್ತದೆ, ಅದನ್ನು ದಾಟಬೇಡಿ.

ಬಾಟ್ಲಿ ಒಳ್ಳೆಯದೋ, ಗುಳಿಗೆ ಒಳ್ಳೆಯದೋ?

ಬಾಟ್ಲಿ ಸ್ವಲ್ಪ ಬೇಗ. ಗುಳಿಗೆ ಕಿಸೆಯಲ್ಲಿ ಇಟ್ಟುಕೊಳ್ಳಲು ಸುಲಭ. ಎರಡರಲ್ಲೂ ಜನ ಮಾಡುವ ತಪ್ಪು ಮಾತ್ರ ನಾನು ದಿನಾ ನೋಡುತ್ತೇನೆ. ಗುಳಿಗೆಯನ್ನು ಕೌಂಟರ್ ಮುಂದೆಯೇ ನೀರು ಕೇಳಿ ಗುಟುಕ್ ಅಂತ ನುಂಗುತ್ತಾರೆ. ಅದು ಜಗಿಯುವ ಗುಳಿಗೆ. ಹಲ್ಲಿನಲ್ಲಿ ಹಿಟ್ಟಿನಂತೆ ಅರೆದು ನುಂಗಿ, ಆಮೇಲೆ ಒಂದು ಗುಟುಕು ನೀರು ಕುಡಿಯಬೇಕು. ಇಡೀ ನುಂಗಿದರೆ ಅದು ಕರಗುವಷ್ಟರಲ್ಲಿ ನಿಮ್ಮ ಉರಿ ತಾನೇ ಹೋಗಿರುತ್ತದೆ. ಬಾಟ್ಲಿಯನ್ನು ಚೆನ್ನಾಗಿ ಅಲುಗಾಡಿಸಬೇಕು. ಇಲ್ಲದಿದ್ದರೆ ಔಷಧಿ ತಳದಲ್ಲಿ ಸುಣ್ಣದಂತೆ ಕೂತಿರುತ್ತದೆ, ನೀವು ಮೇಲಿನ ಗುಲಾಬಿ ಬಣ್ಣದ ನೀರು ಮಾತ್ರ ಕುಡಿದಿರುತ್ತೀರಿ. ಅಳತೆಯ ಮುಚ್ಚಳದಲ್ಲಿ ಅಳೆದೇ ಕುಡಿಯಿರಿ. ಬಾಟ್ಲಿಗೆ ಬಾಯಿ ಹಚ್ಚಿ ಎರಡು ಗುಟುಕು ಅಂತ ಕುಡಿದರೆ ಅಳತೆಯೂ ಇಲ್ಲ, ಸ್ವಚ್ಛವೂ ಅಲ್ಲ.

ಬುಸ್ ಅನ್ನುವ ಪುಡಿ ದಿನಾ ಕುಡಿದರೆ ಏನಾಗುತ್ತದೆ?

ಅಪರೂಪಕ್ಕೆ ಒಂದು ಪೊಟ್ಟಣ ಅಂದರೆ ಅಡ್ಡಿಯಿಲ್ಲ. ನೊರೆ ಇಳಿದ ಮೇಲೆ ಕುಡಿಯಿರಿ. ದಿನಾ ಮಾತ್ರ ಬೇಡ. ಈ ಪುಡಿಗಳಲ್ಲಿ ಸೋಡಿಯಂ ಬೈಕಾರ್ಬೊನೇಟ್, ಸೋಡಿಯಂ ಕಾರ್ಬೊನೇಟ್, ಸಿಟ್ರಿಕ್ ಆಸಿಡ್ ಇರುತ್ತವೆ. ಸಾಮಾನ್ಯವಾಗಿ ಸಿಗುವ 5 ಗ್ರಾಂ ಪೊಟ್ಟಣದಲ್ಲಿ ಸುಮಾರು 0.8 ಗ್ರಾಂ ಸೋಡಿಯಂ ಇರುತ್ತದೆ. ಇಡೀ ದಿನಕ್ಕೆ 2 ಗ್ರಾಂ ಸೋಡಿಯಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಗ್ಲಾಸಿನಲ್ಲೇ ಹತ್ತಿರ ಹತ್ತಿರ ಅರ್ಧ ಮುಗಿಯಿತು ನೋಡಿ. ಬಿಪಿ ಇರುವವರು ಉಪ್ಪಿನಕಾಯಿ ಬಿಟ್ಟು, ಹಪ್ಪಳ ಬಿಟ್ಟು, ಈ ಪುಡಿಯನ್ನು ಮಾತ್ರ ದಿನಾ ರಾತ್ರಿ ಕುಡಿಯುತ್ತಾರೆ. ಅದು ಉಪ್ಪುಪ್ಪಾಗಿ ಇಲ್ಲ, ಹಾಗಾಗಿ ಗೊತ್ತಾಗುವುದಿಲ್ಲ. ಬಿಪಿ, ಹೃದಯದ ತೊಂದರೆ, ಕಾಲು ಬಾವು, ಕಿಡ್ನಿ ತೊಂದರೆ ಇದ್ದವರು ಇದನ್ನು ದೂರ ಇಡಿ.

ಮನೆಯಲ್ಲಿರುವ ತಿನ್ನುವ ಸೋಡಾ ಆಗುವುದಿಲ್ವಾ?

ಕೆಲಸ ಮಾಡುವ ವಸ್ತು ಅದೇ. ಆದರೆ ಮನೆಯಲ್ಲಿ ಅಳತೆ ಇರುವುದಿಲ್ಲ. ಹೊಟ್ಟೆ ಬಿರಿಯುವಂತೆ ಉಂಡು, ಮೇಲೆ ಒಂದು ಚಮಚ ಸೋಡಾ ನೀರಿಗೆ ಹಾಕಿ ಕುಡಿದರೆ ಒಮ್ಮೆಲೇ ವಿಪರೀತ ಗಾಳಿ ಹುಟ್ಟುತ್ತದೆ. ತುಂಬಿದ ಹೊಟ್ಟೆಗೆ ಅದು ಅಪಾಯ. ಸೋಡಾವನ್ನು ಭಜಿಗೆ ಬಿಡಿ.

ಪ್ಯಾಂಟೊಪ್ರಝೋಲ್ ಗುಳಿಗೆಯೂ ಆಂಟಾಸಿಡ್ಡೇ ಅಲ್ವಾ? ದಿನಾ ಮುಂಜಾನೆ ಒಂದು ತಗೋತೀನಲ್ಲ?

ಅಲ್ಲ. ನನಗೆ ಅತಿ ಜಾಸ್ತಿ ಚಿಂತೆ ಹಚ್ಚುವ ಪ್ರಶ್ನೆ ಇದು.

ಆಂಟಾಸಿಡ್ ಬಂದ ಆಮ್ಲವನ್ನು ತಣಿಸುತ್ತದೆ. ಪ್ಯಾಂಟೊಪ್ರಝೋಲ್, ಓಮೆಪ್ರಝೋಲ್, ರ‍್ಯಾಬೆಪ್ರಝೋಲ್ ಆಮ್ಲ ಹುಟ್ಟುವ ಪಂಪನ್ನೇ ಬಂದ್ ಮಾಡುತ್ತವೆ. ಹಾಗಾಗಿ ಉರಿ ಹತ್ತಿದ ಮೇಲೆ ನುಂಗಿದರೆ ತಕ್ಷಣ ಏನೂ ಆಗುವುದಿಲ್ಲ. ಬೆಳಗಿನ ನಾಷ್ಟಾಕ್ಕೆ ಅರ್ಧ ಗಂಟೆ ಮೊದಲು ತಗೋಬೇಕು, ಪೂರ್ತಿ ಗುಣ ಕಾಣಲು ಎರಡು ಮೂರು ದಿನ ಬೇಕು. ಬೇಕಾದವರಿಗೆ ಇವು ಬಹಳ ಒಳ್ಳೆಯ ಔಷಧಿ. ಹುಣ್ಣು ವಾಸಿಯಾಗುತ್ತದೆ, ರಕ್ತ ಸೋರುವುದು ತಪ್ಪುತ್ತದೆ. ಹೃದಯಕ್ಕಾಗಿ ರಕ್ತ ತೆಳು ಮಾಡುವ ಗುಳಿಗೆ ತಿನ್ನುವವರಿಗೆ ಹೊಟ್ಟೆ ಕಾಯಲೆಂದೇ ಡಾಕ್ಟರು ಇದನ್ನು ಬರೆದಿರುತ್ತಾರೆ. ಅಂಥವರು ಇದನ್ನು ಓದಿ ಗುಳಿಗೆ ಬಿಡಬೇಡಿ.

ನನ್ನ ಮಾತು ಚೀಟಿ ಇಲ್ಲದೆ ವರ್ಷಗಟ್ಟಲೆ ತಿನ್ನುವವರಿಗೆ. ಯಾವತ್ತೋ ಒಮ್ಮೆ ಜ್ವರ ಬಂದಾಗ ಡಾಕ್ಟರು ಐದು ದಿನಕ್ಕೆ ಬರೆದಿರುತ್ತಾರೆ. ಅದು ಐದು ವರ್ಷ ನಡೆಯುತ್ತದೆ. ಬಹಳ ದಿನ ತಿಂದರೆ ವಿಟಮಿನ್ ಬಿ12 ಕಡಿಮೆಯಾಗಬಹುದು, ಮೆಗ್ನೀಷಿಯಂ ಇಳಿಯಬಹುದು, ಎಲುಬು ಮುರಿಯುವ ಭಯ ಸ್ವಲ್ಪ ಹೆಚ್ಚುತ್ತದೆ. ಬಿ12 ಇಳಿದರೆ ಕೈಕಾಲು ಜುಮ್ಮೆನ್ನುತ್ತವೆ, ಆಗ ಅದಕ್ಕೆ ಮತ್ತೊಂದು ಗುಳಿಗೆ ಶುರುವಾಗುತ್ತದೆ. ಒಮ್ಮೆಲೇ ಬಿಟ್ಟರೆ ಆಮ್ಲ ಮೊದಲಿಗಿಂತ ಜಾಸ್ತಿ ಉಕ್ಕಿ, "ನೋಡ್ರಿ, ಬಿಟ್ರ ಆಗೂದಿಲ್ಲ" ಅನಿಸುತ್ತದೆ. ಅದು ಕೆಲವು ವಾರದಲ್ಲಿ ಇಳಿಯುತ್ತದೆ. ಡಾಕ್ಟರನ್ನು ಕೇಳಿ ಹಂತ ಹಂತವಾಗಿ ಬಿಡಬೇಕು.

ಗುಳಿಗೆಯ ಹೆಸರಿನ ಕೊನೆಗೆ "ಡಿ" ಇದ್ದರೆ ಡೊಂಪೆರಿಡೋನ್ ಸೇರಿದೆ ಅಂತ ಅರ್ಥ. ಅದು ವಾಂತಿಗೆ ಕೊಡುವ ಔಷಧಿ, ಕೆಲವರಲ್ಲಿ ಹೃದಯದ ಬಡಿತ ತಪ್ಪಿಸಬಹುದು. ಸುಮ್ನೆ ದಿನಾ ತಿನ್ನುವಂಥದ್ದಲ್ಲ. ಗುಳಿಗೆ ಪಟ್ಟಿಯ ಮೇಲೆ ಕೆಂಪು ಗೆರೆ ನೋಡಿದ್ದೀರಲ್ಲ? ಡಾಕ್ಟರ ಚೀಟಿ ಬೇಕು ಅನ್ನುವ ಗುರುತು ಅದು. ನಾನು ಚೀಟಿ ಕೇಳಿದರೆ ಸಿಟ್ಟಾಗಬೇಡಿ.

ಮೊದಲು ರ‍್ಯಾನಿಟಿಡಿನ್ ಕೊಡುತ್ತಿದ್ದಿರಿ. ಅದೂ ಆಮ್ಲ ಕಡಿಮೆ ಮಾಡುವ ಗುಳಿಗೆಯೇ, ಈಗ ಯಾಕೆ ಬೇಡ ಅಂತೀರಿ?

ಕೆಲವು ರ‍್ಯಾನಿಟಿಡಿನ್ ಗುಳಿಗೆಗಳಲ್ಲಿ ಎನ್‌ಡಿಎಂಎ ಅನ್ನುವ, ಕ್ಯಾನ್ಸರ್ ತರಬಹುದಾದ ಕಲ್ಮಶ ಸಿಕ್ಕಿತು. ಇಟ್ಟಷ್ಟು ದಿನ, ಬಿಸಿಲು ತಾಗಿದಷ್ಟು ಅದು ಹೆಚ್ಚುತ್ತದೆ ಅಂತ ಕಂಡುಬಂತು. ಅಮೆರಿಕದಲ್ಲಿ ಏಪ್ರಿಲ್ 2020ರಲ್ಲಿ ಮಾರುಕಟ್ಟೆಯಿಂದ ತೆಗೆಸಿದರು. ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಿಂದ 2022ರಲ್ಲಿ ಕೈಬಿಟ್ಟರು. ನಮ್ಮ ಜಿಲ್ಲೆಯ ಬಿಸಿಲು ನಿಮಗೆ ಗೊತ್ತೇ ಇದೆ. ಅದೇ ಜಾತಿಯ ಫ್ಯಾಮೊಟಿಡಿನ್ ಇದೆ, ಅದರಲ್ಲಿ ಈ ತೊಂದರೆ ಕಂಡಿಲ್ಲ. ಡಾಕ್ಟರನ್ನು ಕೇಳಿ.

ಬೇರೆ ಗುಳಿಗೆಗಳ ಜೊತೆ ಆಂಟಾಸಿಡ್ ತಗೋಬಹುದಾ?

ಒಟ್ಟಿಗೆ ಬೇಡ. ಆಂಟಾಸಿಡ್ ಕೆಲವು ಔಷಧಿಗಳನ್ನು ಹೊಟ್ಟೆಯಲ್ಲೇ ಕಟ್ಟಿಹಾಕಿ, ರಕ್ತಕ್ಕೆ ಸೇರದಂತೆ ಮಾಡುತ್ತದೆ.

ಸಾವಳಗಿ ಕಡೆಯ ಒಬ್ಬ ಅಕ್ಕ ಥೈರಾಯ್ಡ್ ಗುಳಿಗೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಆದರೂ ಪ್ರತಿ ಸಲ ರಿಪೋರ್ಟ್ ಕೆಟ್ಟದಾಗಿ ಬರುತ್ತಿತ್ತು. ಡೋಸ್ ಏರುತ್ತಲೇ ಇತ್ತು. ಒಂದು ದಿನ ಕೌಂಟರ್ ಮೇಲೆ ಚೀಲ ಬಿಚ್ಚಿ ತೋರಿಸಿದರು. ಬೆಳಗ್ಗೆ ಎದ್ದ ಕೂಡಲೇ ಥೈರಾಯ್ಡ್ ಗುಳಿಗೆ, ಅದು "ಉಷ್ಣ ಆಗಬಾರದು" ಅಂತ ಅದರ ಬೆನ್ನಿಗೇ ಎರಡು ಮುಚ್ಚಳ ಗುಲಾಬಿ ಔಷಧಿ. ಅಷ್ಟೂ ದಿನ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದಂತಾಗಿತ್ತು. ಎರಡರ ನಡುವೆ ನಾಲ್ಕು ಗಂಟೆ ಬಿಡಿ, ಡಾಕ್ಟರಿಗೂ ಇದನ್ನು ಹೇಳಿ ಅಂದೆ. ಮುಂದಿನ ರಿಪೋರ್ಟ್ ಹಿಡಿದುಕೊಂಡು ನಗುತ್ತಾ ಬಂದರು.

ಥೈರಾಯ್ಡ್ ಗುಳಿಗೆಗೆ ನಾಲ್ಕು ಗಂಟೆ ಅಂತರ. ರಕ್ತ ಹೆಚ್ಚಲು ಕೊಡುವ ಕಬ್ಬಿಣದ ಗುಳಿಗೆ, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್, ಫಂಗಸ್‌ಗೆ ಕೊಡುವ ಕೆಲವು ಗುಳಿಗೆ ಇವುಗಳಿಗೆ ಕನಿಷ್ಠ ಎರಡು ಗಂಟೆ. ಟಿಬಿ, ಫಿಟ್ಸ್ ಔಷಧಿ ನಡೆಯುತ್ತಿದ್ದರೆ ಕೇಳಿಯೇ ತಗೊಳ್ಳಿ.

ಮೊಣಕಾಲು ನೋವಿನ ಗುಳಿಗೆ ತಿಂದರೆ ಹೊಟ್ಟೆ ಉರಿಯುತ್ತದೆ. ಜೊತೆಗೆ ಆಂಟಾಸಿಡ್ ಕುಡಿದರೆ ಆಯಿತಲ್ಲ?

ಆಗುವುದಿಲ್ಲ. ಕಬ್ಬು ಕಡಿಯುವ ಹಂಗಾಮಿನಲ್ಲಿ ಮೈಕೈ ನೋವಿನ ಗುಳಿಗೆ ಕೇಳಿಕೊಂಡು ಬರುವವರು ಬಹಳ. ಬನಹಟ್ಟಿ, ಗುಳೇದಗುಡ್ಡದ ನೇಕಾರರದೂ ಇದೇ ಕಥೆ, ಇಡೀ ದಿನ ಮಗ್ಗದ ಮುಂದೆ ಕೂತು ಬೆನ್ನು ಹಿಡಿದಿರುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಹೊಟ್ಟೆಯ ಲೋಳೆಯ ಲೇಪವನ್ನೇ ತೆಳುವಾಗಿಸುತ್ತವೆ. ಖಾಲಿ ಹೊಟ್ಟೆಯಲ್ಲಿ ದಿನಾ ತಿಂದರೆ ಹುಣ್ಣಾಗುತ್ತದೆ. ಆಂಟಾಸಿಡ್ ಉರಿಯನ್ನು ಮುಚ್ಚುತ್ತದೆ, ಹುಣ್ಣು ಒಳಗೆ ಬೆಳೆಯುತ್ತಲೇ ಇರುತ್ತದೆ. ಕೆಲವರಿಗೆ ಮೊದಲ ಸೂಚನೆಯೇ ರಕ್ತವಾಂತಿ. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದಾ ಅಂತ ಮೊದಲು ನೋಡಿ. ಸಾಕಾಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ದಯವಿಟ್ಟು ಪಾನ್ ಅಂಗಡಿಯಲ್ಲಿ ಸಿಗುವ ಬಣ್ಣ ಬಣ್ಣದ ಗುಳಿಗೆಗಳ ಪೊಟ್ಟಣ ಮುಟ್ಟಬೇಡಿ.

ಖಾರ ಬಿಡಬೇಕಾ? ರೊಟ್ಟಿ ಊಟ ಹೇಗೆ ಬಿಡುವುದು?

ರೊಟ್ಟಿ ಬಿಡುವುದು ಬೇಡವೇ ಬೇಡ. ಬಿಸಿ ಜೋಳದ ರೊಟ್ಟಿ, ಬೇಳೆ ಪಲ್ಯ, ಸೊಪ್ಪು, ಮಜ್ಜಿಗೆ ಇದು ಹೊಟ್ಟೆಗೆ ಹಗುರಾದ ಊಟ. ತೊಂದರೆ ಕೊಡುವುದು ಅದರ ಸುತ್ತಲಿನದು: ಎಣ್ಣೆ ತೇಲುವ ಎಣ್ಣೆಗಾಯಿ, ರಂಜಕ, ಹಸಿ ಉಳ್ಳಾಗಡ್ಡಿ, ಸಂಜೆ ಆರಕ್ಕೆ ಮಿರ್ಚಿ ಭಜಿ, ಅದರ ಮೇಲೆ ಖಡಕ್ ಚಹಾ. ಎಲ್ಲರಿಗೂ ಎಲ್ಲವೂ ಆಗದು ಅಂತ ಇಲ್ಲ. ಒಂದು ವಾರ ಏನು ತಿಂದಾಗ ಉರಿಯಿತು ಅಂತ ಬರೆದಿಡಿ. ನಿಮ್ಮ ಹೊಟ್ಟೆಗೆ ಆಗದ್ದು ಎರಡೋ ಮೂರೋ ಇರುತ್ತವೆ, ಅವನ್ನಷ್ಟೇ ಬಿಡಿ.

ನನ್ನ ಅನುಭವದಲ್ಲಿ ಖಾರಕ್ಕಿಂತ ಹೊತ್ತು ದೊಡ್ಡದು. ರಾತ್ರಿ ಹತ್ತೂವರೆಗೆ ಉಂಡು ಹನ್ನೊಂದಕ್ಕೆ ಮಲಗುವವರೇ ನನ್ನ ಗಿರಾಕಿಗಳು. ಉಂಡು ಮೂರು ಗಂಟೆ ಆದ ಮೇಲೆ ಮಲಗಿ. ಆಗುವುದಿಲ್ಲ ಅಂದರೆ ರಾತ್ರಿ ಊಟವನ್ನಾದರೂ ಅರ್ಧ ಮಾಡಿ.

ರಾತ್ರಿ ಮಲಗಿದಾಗ ಮಾತ್ರ ಹುಳಿ ಬರುತ್ತದೆ. ಏನು ಮಾಡಲಿ?

ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಒಂದೊಂದು ಗಟ್ಟಿ ಇಟ್ಟಿಗೆ ಇಡಿ, ಆರೇಳು ಇಂಚು ಎತ್ತರ ಬರಲಿ. ತಲೆದಿಂಬು ಏರಿಸಿದರೆ ಕತ್ತು ಮಾತ್ರ ಬಾಗುತ್ತದೆ, ಹೊಟ್ಟೆ ಮಡಚಿ ಇನ್ನೂ ಜಾಸ್ತಿ ಒತ್ತುತ್ತದೆ. ಎಡಮಗ್ಗುಲಿಗೆ ಮಲಗಿ. ಹಾಗೆ ಮಲಗಿದಾಗ ಹುಳಿ ಗೇಟಿಗಿಂತ ಕೆಳಗೆ ನಿಲ್ಲುತ್ತದೆ. ಧೋತರ, ಬೆಲ್ಟು, ಲಂಗದ ಲಾಡಿ ಸಡಿಲ ಇರಲಿ.

ತಂಬಾಕು, ಗುಟ್ಕಾಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ತಂಬಾಕು ಆ ಗೇಟಿನ ಸ್ನಾಯುವನ್ನು ಸಡಿಲ ಮಾಡುತ್ತದೆ. ಸಾರಾಯಿಯೂ ಅಷ್ಟೇ. ನಿಪ್ಪಾಣಿಯ ತಂಬಾಕು ನಮ್ಮ ಭಾಗದ ಬೆಳೆ ಇರಬಹುದು, ಅದು ಹೊಲದಲ್ಲೇ ಇರಲಿ. ತುಟಿಯೊಳಗೆ ತಂಬಾಕು ಇಟ್ಟುಕೊಂಡೇ ಆಂಟಾಸಿಡ್ ಕೇಳುವ ಹುಡುಗರನ್ನು ನೋಡಿದರೆ ಹೊಟ್ಟೆ ಸಂಕಟ ಆಗುತ್ತದೆ.

ತಣ್ಣನೆ ಹಾಲು, ಮಜ್ಜಿಗೆ, ಅಜವಾನ?

ಹಾಲು ಮೊದಲು ತಂಪು ಅನಿಸುತ್ತದೆ, ಸ್ವಲ್ಪ ಹೊತ್ತಿಗೆ ಆಮ್ಲ ಮತ್ತೆ ಏರುತ್ತದೆ. ತೆಳು ಮಜ್ಜಿಗೆ ಹೆಚ್ಚಿನವರಿಗೆ ಹಿತ. ಅಜವಾನ, ಜೀರಿಗೆ ಉಬ್ಬರಕ್ಕೆ ಅಡ್ಡಿಯಿಲ್ಲ. ಪುದೀನಾ ಕೆಲವರಲ್ಲಿ ಎದೆಯುರಿ ಹೆಚ್ಚಿಸುತ್ತದೆ.

ಬಸಿರಿದ್ದಾಗ ಆಂಟಾಸಿಡ್ ತಗೋಬಹುದಾ?

ಬಸಿರಿನಲ್ಲಿ ಎದೆಯುರಿ ಬಹಳ ಸಾಮಾನ್ಯ. ಹಾರ್ಮೋನಿನಿಂದ ಗೇಟು ಸಡಿಲಾಗುತ್ತದೆ, ಮೇಲೆ ಕೂಸಿನ ಒತ್ತಡ. ತವರಿಗೆ ಬಂದ ಮಗಳಿಗೆ "ಇಬ್ಬರದು ಉಣ್ಣು" ಅಂತ ಒಂದೇ ಸಲ ಬಡಿಸಬೇಡಿ. ಸ್ವಲ್ಪ ಸ್ವಲ್ಪ, ಐದಾರು ಸಲ ಕೊಡಿ. ಅದಕ್ಕೂ ಬಗ್ಗದಿದ್ದರೆ ಆಲ್ಜಿನೇಟ್, ಕ್ಯಾಲ್ಸಿಯಂ ಅಥವಾ ಮೆಗ್ನೀಷಿಯಂ ಇರುವ ಆಂಟಾಸಿಡ್ಡನ್ನು ಅಳತೆಯಲ್ಲಿ ಸಾಮಾನ್ಯವಾಗಿ ಕೊಡುತ್ತಾರೆ. ತಪಾಸಣೆ ಮಾಡುವ ಡಾಕ್ಟರನ್ನು ಕೇಳಿ ತಗೊಳ್ಳಿ. ಬುಸ್ ಅನ್ನುವ ಪುಡಿ, ಸೋಡಾ ಬೇಡ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಗುಳಿಗೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲೇಬೇಕು. ಐದು ತಿಂಗಳ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು, ತಲೆನೋವು, ಕಣ್ಣು ಮಂಜು, ಮುಖ ಬಾವು ಬಂದರೆ ಅದು ಪಿತ್ತ ಅಲ್ಲ, ಬಿಪಿ ಏರಿರಬಹುದು. ತಕ್ಷಣ ಆಸ್ಪತ್ರೆಗೆ.

ಮಕ್ಕಳಿಗೆ?

12 ವರ್ಷದೊಳಗಿನ ಮಕ್ಕಳಿಗೆ ಡಾಕ್ಟರು ಹೇಳದೆ ಕೊಡಬೇಡಿ.

ಕಿಡ್ನಿ ತೊಂದರೆ ಇರುವವರಿಗೆ ಯಾಕೆ ಕೊಡುವುದಿಲ್ಲ ಅಂತೀರಿ?

ಅಲ್ಯೂಮಿನಿಯಂ, ಮೆಗ್ನೀಷಿಯಂ ದೇಹದಿಂದ ಹೊರಗೆ ಹೋಗುವುದು ಕಿಡ್ನಿಯ ಮೂಲಕ. ಕಿಡ್ನಿ ಸೋತಿದ್ದರೆ ಅವು ಮೈಯಲ್ಲೇ ಕೂಡಿಬೀಳುತ್ತವೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಂತೂ ಒಂದು ಚಮಚವೂ ತಾವಾಗಿ ಕುಡಿಯಬಾರದು. ಸಕ್ಕರೆ ಕಾಯಿಲೆ ಇದ್ದವರು ಸಕ್ಕರೆ ಇಲ್ಲದ ಬಾಟ್ಲಿ ಕೇಳಿ, ಸಿಗುತ್ತದೆ.

ಎಷ್ಟು ದಿನ ತಗೋಬಹುದು?

ಎರಡು ವಾರ. ಹಬ್ಬದ ಊಟ, ಜಾತ್ರೆ, ಮದುವೆ ಆದ ಮೇಲೆ ಒಂದೆರಡು ದಿನ ತಗೊಂಡರೆ ಏನೂ ಇಲ್ಲ, ಅದಕ್ಕೆಂದೇ ಇರುವ ಔಷಧಿ ಅದು. ಆದರೆ ಎರಡು ವಾರ ಆದರೂ ದಿನಾ ಬೇಕು ಅನಿಸಿದರೆ ಉರಿಗೆ ಕಾರಣ ಹುಡುಕಬೇಕು. ಅದಕ್ಕೂ ಮೊದಲೇ ಓಡಬೇಕಾದ ಗುರುತುಗಳಿವೆ: ತುತ್ತು ಗಂಟಲಲ್ಲಿ, ಎದೆಯಲ್ಲಿ ಸಿಕ್ಕಿಕೊಳ್ಳುವುದು, ತಾನಾಗಿ ತೂಕ ಇಳಿಯುವುದು, ಡಾಂಬರಿನಂತೆ ಕಪ್ಪಾದ ಸಂಡಾಸು, ರಕ್ತವಾಂತಿ, ರಕ್ತ ಕಡಿಮೆಯಾಗಿ ಬಿಳಿಚಿಕೊಳ್ಳುವುದು, ನಿಲ್ಲದ ವಾಂತಿ. ಐವತ್ತು ದಾಟಿದ ಮೇಲೆ ಮೊದಲ ಸಲ ಅಜೀರ್ಣ ಶುರುವಾದರೆ ಅದೂ ಅಷ್ಟೇ. ಕಬ್ಬಿಣದ ಗುಳಿಗೆಯಿಂದಲೂ ಸಂಡಾಸು ಕಪ್ಪಾಗುತ್ತದೆ. ಹಾಗಾಗಿ ಆ ಗುಳಿಗೆ ನಡೆದಿದ್ದರೆ ಅದನ್ನೂ ಹೇಳಿ.

ಹುಣ್ಣು ಖಾರ ತಿಂದು ಆಗುವುದಲ್ವಾ?

ನಾವೆಲ್ಲ ಹಾಗೇ ನಂಬಿದ್ದೆವು, ಡಾಕ್ಟರುಗಳೂ ಖಾರ, ಚಿಂತೆ ಅಂತಲೇ ಹೇಳುತ್ತಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹೊಟ್ಟೆಯಲ್ಲಿ ವಾಸಿಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾವನ್ನು ಕಂಡುಹಿಡಿದರು. ಯಾರೂ ನಂಬಲಿಲ್ಲ ಅಂತ ಮಾರ್ಷಲ್ ತಾನೇ ಆ ಬ್ಯಾಕ್ಟೀರಿಯಾ ಕುಡಿದು, ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣಿಗೆ ಮುಖ್ಯ ಕಾರಣ ಈ ಬ್ಯಾಕ್ಟೀರಿಯಾ ಮತ್ತು ನೋವಿನ ಗುಳಿಗೆ. ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಸಿಕ್ಕರೆ ಸಾಮಾನ್ಯವಾಗಿ 14 ದಿನ ಆಂಟಿಬಯೋಟಿಕ್ ಕೊಡುತ್ತಾರೆ. ವರ್ಷಗಟ್ಟಲೆ ಆಂಟಾಸಿಡ್ ಕುಡಿದರೂ ಹೋಗದ ಉರಿ ಎಷ್ಟೋ ಜನರಿಗೆ ಆ 14 ದಿನದಲ್ಲಿ ಹೋಗುತ್ತದೆ. ನಡುವೆ ಬಿಡದೆ ಪೂರ್ತಿ ತಗೋಬೇಕು, ಅಷ್ಟೇ.

ಎಂಡೋಸ್ಕೋಪಿ ಅಂದರೆ ಭಯ. ಡಾಕ್ಟರ ಹತ್ತಿರ ಹೋದರೆ ಏನು ಹೇಳಬೇಕು?

ಗಂಟಲಿಗೆ ಮರಗಟ್ಟುವ ಔಷಧಿ ಹೊಡೆದು, ತೆಳು ನಳಿಕೆ ಇಳಿಸಿ ನೋಡುತ್ತಾರೆ. ಹತ್ತು ನಿಮಿಷದ ಕೆಲಸ. ಓಕರಿಕೆ ಬರುತ್ತದೆ, ನೋವು ಇರುವುದಿಲ್ಲ. ಎಲ್ಲರಿಗೂ ಅದು ಬೇಕಾಗುವುದೂ ಇಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಬೆಂಗಳೂರಿಗೆ ಓಡುವ ಅಗತ್ಯ ಇಲ್ಲ.

ಹೋಗುವಾಗ "ಪಿತ್ತ" ಅಂತ ಮಾತ್ರ ಹೇಳಬೇಡಿ. ಎಷ್ಟು ದಿನದಿಂದ, ಉಂಡ ಮೇಲೋ ಖಾಲಿ ಹೊಟ್ಟೆಯಲ್ಲೋ, ರಾತ್ರಿ ಎಚ್ಚರ ಆಗುತ್ತದಾ, ತೂಕ ಇಳಿದಿದೆಯಾ ಅಂತ ಹೇಳಿ. ಮನೆಯಲ್ಲಿರುವ ಎಲ್ಲ ಗುಳಿಗೆ ಪಟ್ಟಿಗಳನ್ನು, ಖಾಲಿಯಾದವನ್ನೂ, ಅರ್ಧ ಉಳಿದ ಗುಲಾಬಿ ಬಾಟ್ಲಿಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾರದೋ ಮಾತು ಕೇಳಿ ತಿಂದ ಗುಳಿಗೆ ಇದ್ದರೆ ಅದನ್ನು ಮುಚ್ಚಿಡಬೇಡಿ, ಅದನ್ನೇ ಮೊದಲು ತೋರಿಸಿ.